.308 ಕೇಸು: ಲಾಪುವಾ, ಪೀಟರ್ಸನ್, ಸ್ಟಾರ್‌ಲೈನ್, ಲೇಕ್ ಸಿಟಿ – ರೀಲೋಡಿಂಗ್‌ಗೆ ಯಾವ ಹಿತ್ತಾಳೆ?

ಗುರಿಕಾರ308

ಎಲ್ಲರಿಗೂ ನಮಸ್ಕಾರ. ನನ್ನದು .308 ವಿಂಚೆಸ್ಟರ್, ಬೋಲ್ಟ್ ರೈಫಲ್. ಹೊಡೆಯುವುದು ಪೇಪರ್ ಟಾರ್ಗೆಟ್‌ಗೆ ಮಾತ್ರ. ಸದ್ಯಕ್ಕೆ 300 ಗಜ, ಮುಂದೆ 600ಕ್ಕೆ ಹೋಗಬೇಕು ಅಂತ ಆಸೆ. ಇಷ್ಟು ದಿನ ಫ್ಯಾಕ್ಟರಿ ತೋಟಾ ಹೊಡೆದು ಉಳಿದ ಖಾಲಿ ಕೇಸುಗಳನ್ನೇ (ಮದ್ದು ತುಂಬುವ ಹಿತ್ತಾಳೆ ಕವಚ) ರೀಲೋಡ್ ಮಾಡುತ್ತಿದ್ದೆ, ಅಂದರೆ ಹೊಸ ಪ್ರೈಮರ್, ಮದ್ದು, ಗುಂಡು ಹಾಕಿ ಮತ್ತೆ ತುಂಬುತ್ತಿದ್ದೆ. ಡಬ್ಬಿಯಲ್ಲಿ ವಿಂಚೆಸ್ಟರ್ ಇದೆ, ಲೇಕ್ ಸಿಟಿ (ಅಮೆರಿಕದ ಸೈನ್ಯದ ತೋಟಾ ಕಾರ್ಖಾನೆಯದು) ಇದೆ, ಇನ್ನೂ ಒಂದೆರಡು ಹೆಡ್‌ಸ್ಟ್ಯಾಂಪ್ (ತಳದಲ್ಲಿ ಒತ್ತಿದ ತಯಾರಕರ ಗುರುತು) ಇದೆ. ಈಗ ಒಂದೇ ಬ್ರಾಂಡಿನ ಹೊಸ ಕೇಸು ತೆಗೆದುಕೊಂಡು ನೆಟ್ಟಗೆ ಶುರು ಮಾಡೋಣ ಅಂತಿದ್ದೇನೆ.

ಲಾಪುವಾ ಬೆಲೆ ನೋಡಿದರೆ ಸ್ಟಾರ್‌ಲೈನ್‌ಗಿಂತ ಜಾಸ್ತಿ. ಆ ವ್ಯತ್ಯಾಸ ಗುರಿಯಲ್ಲಿ ಕಾಣುತ್ತದಾ, ಇಲ್ಲ ಕೇಸಿನ ಬಾಳಿಕೆಯಲ್ಲಾ? ತೂಕ ನೋಡಿ ವಿಂಗಡಿಸುವುದು ನಿಜಕ್ಕೂ ಬೇಕಾ? ನಿಮ್ಮ ಅಳತೆ, ಅನುಭವ ಎರಡೂ ಹೇಳಿ.

ದೂರದಗುರಿ

ಲಾಪುವಾ ತಗೊಳ್ಳಿ. ಮತ್ತೆ ಯೋಚನೆ ಬೇಡ.

ಕುಲುಮೆ

ಲಾಪುವಾ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾಕೆ ಒಳ್ಳೆಯದು ಅಂತ ಗೊತ್ತಾದರೆ ಬೇರೆ ಬ್ರಾಂಡನ್ನೂ ನೀವೇ ಪರೀಕ್ಷೆ ಮಾಡಬಹುದು.

ಕೇಸಿನ ಹಿತ್ತಾಳೆ ಎಲ್ಲ ಕಂಪನಿಗೂ ಹೆಚ್ಚುಕಡಿಮೆ ಒಂದೇ. 70 ಪಾಲು ತಾಮ್ರ, 30 ಪಾಲು ಸತು. ವ್ಯತ್ಯಾಸ ಬರುವುದು ಕೆಲಸದಲ್ಲಿ. ದಪ್ಪ ಹಾಳೆಯಿಂದ ಬಿಲ್ಲೆ ಕತ್ತರಿಸಿ ಬಟ್ಟಲು ಮಾಡುತ್ತಾರೆ. ಆ ಬಟ್ಟಲನ್ನು ಡೈಗಳಲ್ಲಿ ತೂರಿಸಿ ಎಳೆದೆಳೆದು ಉದ್ದ ಮಾಡುತ್ತಾರೆ. ಪ್ರತಿ ಸಲ ಎಳೆದಾಗಲೂ ಹಿತ್ತಾಳೆ ಗಡುಸಾಗುತ್ತದೆ. ಅದಕ್ಕೆ ನಡುನಡುವೆ ಕಾಯಿಸಿ ಮೆತ್ತಗೆ ಮಾಡಬೇಕು. ಕೊನೆಗೆ ತಳವನ್ನು ಜೋರಾಗಿ ಒತ್ತಿ ಪ್ರೈಮರ್ ಪಾಕೆಟ್ (ಮದ್ದಿಗೆ ಕಿಡಿ ಕೊಡುವ ಪ್ರೈಮರ್ ಕೂರುವ ಗುಳಿ), ಹೆಡ್‌ಸ್ಟ್ಯಾಂಪ್ ಮೂಡಿಸುತ್ತಾರೆ. ಆ ಒತ್ತಡದಿಂದಲೇ ತಳ ಗಟ್ಟಿಯಾಗುವುದು. ಆಮೇಲೆ ತಳಕ್ಕೆ ಬಿಸಿ ಮುಟ್ಟದ ಹಾಗೆ ನೆಕ್ (ಗುಂಡು ಹಿಡಿಯುವ ಕಿರಿದಾದ ಕತ್ತು) ಮತ್ತು ಶೋಲ್ಡರ್ (ಅದರ ಕೆಳಗಿನ ಇಳಿಜಾರು) ಭಾಗ ಮಾತ್ರ ಕಾಯಿಸುತ್ತಾರೆ.

ಇಡೀ ಆಟ ಇಲ್ಲೇ ಇರುವುದು. ತಳ ಗಟ್ಟಿ ಇರಬೇಕು. .308ರ ಗರಿಷ್ಠ ಒತ್ತಡದ ಮಿತಿ 62,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ಆ ಒತ್ತಡ ತಳದ ಮೇಲೆ ಬಿದ್ದಾಗ ಅದು ಹಿಗ್ಗಿ ಮತ್ತೆ ತನ್ನ ಅಳತೆಗೆ ಬರಬೇಕು. ಮೆತ್ತಗಿದ್ದರೆ ಹಿಗ್ಗಿದ್ದು ಹಾಗೇ ಉಳಿಯುತ್ತದೆ, ಪ್ರೈಮರ್ ಪಾಕೆಟ್ ಸಡಿಲ ಆಗುತ್ತದೆ. ನೆಕ್ ಮಾತ್ರ ಮೆತ್ತಗಿರಬೇಕು. ಗಡುಸಾದರೆ ಸೀಳುತ್ತದೆ, ಗುಂಡನ್ನು ಒಂದೊಂದು ಕೇಸು ಒಂದೊಂದು ಬಿಗಿಯಲ್ಲಿ ಹಿಡಿಯುತ್ತದೆ. ಒಂದೇ ತುಂಡು ಲೋಹದ ಎರಡು ತುದಿಗೆ ಎರಡು ಗುಣ ಕೊಟ್ಟು, ಅದನ್ನೇ ಸಾವಿರಾರು ಕೇಸಿನಲ್ಲಿ ತಪ್ಪದೆ ಮಾಡುವವರು ಒಳ್ಳೆಯ ಕೇಸು ಮಾಡುವವರು. ನೀವು ಜಾಸ್ತಿ ದುಡ್ಡು ಕೊಡುವುದು ಇದಕ್ಕೆ.

ಲಾಪುವಾ, ಲೇಕ್ ಸಿಟಿ ಕೇಸುಗಳ ಶೋಲ್ಡರ್ ಹತ್ತಿರ ನೀಲಿ-ಕಂದು ಬಣ್ಣದ ಕಲೆ ಕಾಣುತ್ತದಲ್ಲ, ಅದು ಕೊನೆಯ ಸಲ ಕಾಯಿಸಿದ ಗುರುತು. ಅದು ಇಲ್ಲದ ಕೇಸು ಕಾಯಿಸದೇ ಬಂದದ್ದು ಅಂತ ಅಲ್ಲ. ಬೇರೆಯವರು ಪಾಲಿಷ್ ಮಾಡಿ ಅಳಿಸುತ್ತಾರೆ ಅಷ್ಟೇ. ಬಣ್ಣ ನೋಡಿ ಬೆಲೆ ಕಟ್ಟಬೇಡಿ.

ಗುರಿಕಾರ308

ಈ ವಿವರ ಎಲ್ಲೂ ಸಿಕ್ಕಿರಲಿಲ್ಲ, ಧನ್ಯವಾದ ಸರ್. ಹಾಗಾದರೆ ಬ್ರಾಂಡ್ ಪ್ರಕಾರ ಹೇಗೆ?

ಹಳೇಡೈ

ನಾನು ಹೇಳುತ್ತೇನೆ. ಇದು .308 ಮತ್ತು 6.5 ಕ್ರೀಡ್‌ಮೂರ್ ನೋಡಿ ಬಂದ ಅಭಿಪ್ರಾಯ, ಎಲ್ಲ ಕ್ಯಾಲಿಬರ್‌ಗೂ ಹೊಂದಬೇಕಿಲ್ಲ.

ಲಾಪುವಾ ಫಿನ್ಲೆಂಡಿನದು, 1923ರಿಂದ ಇದೆ. ನೀಲಿ ಡಬ್ಬಿ ತೆರೆದು ನೆಕ್ ದಪ್ಪ ಅಳೆದರೆ ಒಂದು ಕೇಸಿಗೂ ಇನ್ನೊಂದಕ್ಕೂ ವ್ಯತ್ಯಾಸ ಹುಡುಕುವುದೇ ಕಷ್ಟ. ತಳ ಗಟ್ಟಿ. ಬಿಚ್ಚಿದ ದಿನವೇ ಲೋಡ್ ಮಾಡಬಹುದಾದ ಕೇಸು.

ಪೀಟರ್ಸನ್, ಆಲ್ಫಾ ಎರಡೂ ಅಮೆರಿಕದ ಹೊಸ ಕಂಪನಿಗಳು. ಇವರು ಬಂದಿದ್ದೇ ಲಾಪುವಾ ಜೊತೆ ಪೈಪೋಟಿಗೆ. ನಾನು ಅಳೆದಷ್ಟರಲ್ಲಿ ಇವು ಲಾಪುವಾಗೆ ಸರಿಸಮ. ಪಾಕೆಟ್ ಬಾಳಿಕೆಯಲ್ಲಿ ಎಲ್ಲೂ ಕಡಿಮೆ ಅನ್ನಿಸಿಲ್ಲ.

ಸ್ಟಾರ್‌ಲೈನ್ ಮಿಸೌರಿಯದು. ಇವರು ತುಂಬಿದ ತೋಟಾ ಮಾರುವುದಿಲ್ಲ, ಕೇಸು ಮಾತ್ರ ಮಾಡುತ್ತಾರೆ. ಮೊದಲು ಪಿಸ್ತೂಲಿನ ಕೇಸಿಗೆ ಹೆಸರು, ಆಮೇಲೆ ರೈಫಲ್‌ಗೆ ಬಂದರು. ಕೊಟ್ಟ ದುಡ್ಡಿಗೆ ಇದಕ್ಕಿಂತ ಒಳ್ಳೆಯ ಕೇಸು ಸಿಗುವುದು ಕಷ್ಟ. ನೆಕ್ ದಪ್ಪದಲ್ಲಿ ಲಾಪುವಾಗಿಂತ ಸ್ವಲ್ಪ ಏರುಪೇರು ಇದೆ. ಆದರೆ 300 ಗಜಕ್ಕೆ ಅದು ನಿಮ್ಮನ್ನು ತಡೆಯುವುದಿಲ್ಲ.

ನಾರ್ಮಾ ಅಳತೆಯಲ್ಲಿ ಚೊಕ್ಕ. ತಳ ಸ್ವಲ್ಪ ಮೆದು ಅನ್ನುವ ಮಾತು ರೀಲೋಡರ್‌ಗಳ ನಡುವೆ ಹಳೆಯದು. ಬಿಸಿ ಲೋಡ್ (ಒತ್ತಡದ ಮಿತಿಯ ತುದಿಯವರೆಗೆ ಮದ್ದು) ಹಾಕದಿದ್ದರೆ ತೊಂದರೆ ಇಲ್ಲ.

ವಿಂಚೆಸ್ಟರ್ ಕೇಸು ಹಗುರ, ಒಳಜಾಗ ಜಾಸ್ತಿ. ಲೇಕ್ ಸಿಟಿ ಭಾರ, ಒಳಜಾಗ ಕಡಿಮೆ. ಇವೆರಡನ್ನು ನೀವು ಒಂದೇ ಡಬ್ಬಿಯಲ್ಲಿ ಇಟ್ಟಿದ್ದೀರಿ ಅನ್ನುವುದೇ ನನಗೆ ಸ್ವಲ್ಪ ಚಿಂತೆ. ಮೊದಲು ಬೇರೆ ಮಾಡಿ.

ಕ್ಯಾಲಿಪರ್

ಹಳೇಡೈ ಕೊನೆಯಲ್ಲಿ ಹೇಳಿದ್ದು ಬರೀ ಗುಣಮಟ್ಟದ ಮಾತಲ್ಲ, ಸುರಕ್ಷತೆಯ ಮಾತು. ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

.308 ಕೇಸುಗಳ ಹೊರ ಅಳತೆ ಎಲ್ಲ ಒಂದೇ, ಯಾಕೆಂದರೆ ಎಲ್ಲವೂ ಒಂದೇ ಚೇಂಬರ್‌ಗೆ (ರೈಫಲ್‌ನಲ್ಲಿ ತೋಟಾ ಕೂರುವ ಜಾಗ) ಹೋಗಬೇಕು. ಹಾಗಾಗಿ ಜಾಸ್ತಿ ಲೋಹ ಇದ್ದರೆ ಅದು ಒಳಗೇ ಜಾಗ ತಿನ್ನುತ್ತದೆ. ವಿಂಚೆಸ್ಟರ್ ಕೇಸು ಸುಮಾರು 155ರಿಂದ 160 ಗ್ರೇನ್ (ಒಂದು ಗ್ರೇನ್ ಅಂದರೆ ಸುಮಾರು 0.065 ಗ್ರಾಂ) ತೂಗುತ್ತದೆ. ಲೇಕ್ ಸಿಟಿ 180ರ ಆಸುಪಾಸು. ಲಾಪುವಾ ನಡುವೆ, 170ರ ಹತ್ತಿರ. ಹಿತ್ತಾಳೆ ನೀರಿಗಿಂತ ಸುಮಾರು ಎಂಟೂವರೆ ಪಟ್ಟು ಭಾರ. ಅಂದರೆ ಕೇಸು 10 ಗ್ರೇನ್ ಜಾಸ್ತಿ ತೂಗಿದರೆ ಒಳಗೆ ಸುಮಾರು 1.2 ಗ್ರೇನ್ ನೀರಿನಷ್ಟು ಜಾಗ ಕಡಿಮೆ. ವಿಂಚೆಸ್ಟರ್‌ಗೂ ಲೇಕ್ ಸಿಟಿಗೂ ಇರುವ ಅಂತರಕ್ಕೆ ಲೆಕ್ಕ ಹಾಕಿ, ಎರಡೂವರೆ ಗ್ರೇನ್ ನೀರು ಬರುತ್ತದೆ. ಒಟ್ಟು ಒಳಜಾಗ ಇರುವುದೇ 56 ಗ್ರೇನ್ ಆಸುಪಾಸು. ಇದು ಸಣ್ಣ ಅಂತರ ಅಲ್ಲ.

ವಿಂಚೆಸ್ಟರ್ ಕೇಸಿನಲ್ಲಿ ಮೇಲಿನ ಮಿತಿಯ ಹತ್ತಿರ ಹೊಂದಿಸಿದ ಮದ್ದನ್ನೇ ಲೇಕ್ ಸಿಟಿಗೆ ಹಾಕಿದರೆ ಒತ್ತಡ ಮಿತಿ ದಾಟಬಹುದು. ಕೇಸು ಬದಲಾಯಿಸಿದರೆ, ಅದು ಯಾವ ಬ್ರಾಂಡಿಗೇ ಆಗಲಿ, ರೀಲೋಡಿಂಗ್ ಮ್ಯಾನುಯಲ್‌ನಲ್ಲಿರುವ ಆರಂಭದ ಅಳತೆಗೆ ಇಳಿದು ಮತ್ತೆ ಮೇಲೆ ಬನ್ನಿ. ಬೇರೆಯವರ ಲೋಡ್ ಕೇಳಿ ಸುಮ್ನೆ ಹಾಕಬೇಡಿ. ಅವರ ಕೇಸು ಯಾವುದು ಅಂತ ನಿಮಗೆ ಗೊತ್ತಿರುವುದಿಲ್ಲ.

ದೂರದಗುರಿ

ಅದಕ್ಕೇ ತೂಕ ವಿಂಗಡಣೆ ಬೇಕು ಅನ್ನುವುದು. ನಾನು ಹೊಸ ಡಬ್ಬಿ ತೆರೆದ ಕೂಡಲೇ ತೂಗಿ ಅರ್ಧ ಗ್ರೇನ್ ಅಂತರದಲ್ಲಿ ಗುಂಪು ಮಾಡುತ್ತೇನೆ.

ಕ್ಯಾಲಿಪರ್

ಬೇರೆ ಬೇರೆ ಬ್ರಾಂಡ್ ಹೋಲಿಸಲು ತೂಕ ಸಾಕು ಅಣ್ಣ. ಒಂದೇ ಲಾಟಿನ (ಒಟ್ಟಿಗೆ ತಯಾರಾದ ಗುಂಪಿನ) ಒಳಗೆ ಹೋಲಿಸಲು ತೂಕ ಮೋಸ ಮಾಡುತ್ತದೆ. ಒಂದು ಕೇಸು ಒಂದು ಗ್ರೇನ್ ಜಾಸ್ತಿ ತೂಗಿತು ಅಂದುಕೊಳ್ಳಿ. ಆ ಒಂದು ಗ್ರೇನ್ ಒಳಗೋಡೆಯಲ್ಲಿದೆಯೋ, ರಿಮ್ಮಿನಲ್ಲಿದೆಯೋ ತಕ್ಕಡಿಗೆ ಗೊತ್ತಿಲ್ಲ. ಎಕ್ಸ್‌ಟ್ರಾಕ್ಟರ್ ಗ್ರೂವ್ (ಕೇಸನ್ನು ಹೊರಗೆಳೆಯುವ ಕೊಕ್ಕೆ ಹಿಡಿಯಲು ತಳದ ಸುತ್ತ ಕೊರೆದ ಗೀರು) ಸ್ವಲ್ಪ ಆಳ ಕಡಿಮೆ ಕೊರೆದಿದ್ದರೂ ತೂಕ ಏರುತ್ತದೆ. ಮದ್ದು ಉರಿಯುವ ಜಾಗಕ್ಕೂ ಆ ಗ್ರೂವಿಗೂ ಸಂಬಂಧವೇ ಇಲ್ಲ.

ನೀರು ತುಂಬಿ ನೋಡಿ. ಒಮ್ಮೆ ಹೊಡೆದ ಕೇಸು ತೆಗೆದುಕೊಳ್ಳಿ, ಹಳೆಯ ಪ್ರೈಮರ್ ಹಾಗೇ ಇರಲಿ. ಎಲ್ಲ ಒಂದೇ ಉದ್ದಕ್ಕೆ ಟ್ರಿಮ್ ಆಗಿರಬೇಕು. ಖಾಲಿ ತೂಗಿ. ಆಮೇಲೆ ಸಿರಿಂಜಿನಲ್ಲಿ ನೀರು ಬಿಡಿ. ಬಾಯಿಯ ಹತ್ತಿರ ಬಂದಾಗ ನೀರು ಉಬ್ಬಿ ನಿಲ್ಲುತ್ತದೆ, ಅದನ್ನು ಟಿಶ್ಯೂ ಕಾಗದದ ಮೂಲೆಯಿಂದ ಮುಟ್ಟಿದರೆ ಸಮ ಆಗುತ್ತದೆ. ಒಳಗೆ ಗುಳ್ಳೆ ಉಳಿದಿದ್ದರೆ ಬೆರಳಿನಿಂದ ಮೆಲ್ಲಗೆ ತಟ್ಟಿ, ಗುಳ್ಳೆ ಮೇಲೆ ಬರುತ್ತದೆ. ಮತ್ತೆ ತೂಗಿ, ಕಳೆಯಿರಿ. ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ನೀರಿಗೆ ಹಾಕಿದರೆ ಗುಳ್ಳೆ ಕಡಿಮೆ. ನೂರಕ್ಕೂ ಮಾಡಬೇಕಿಲ್ಲ. ಅತಿ ಹಗುರ ಐದು, ಅತಿ ಭಾರ ಐದು ತೆಗೆದು ಮಾಡಿ. ಎರಡು ಗುಂಪಿಗೂ ಒಳಜಾಗದಲ್ಲಿ ವ್ಯತ್ಯಾಸ ಕಾಣದಿದ್ದರೆ ಆ ಲಾಟಿಗೆ ತೂಕ ವಿಂಗಡಣೆ ದಂಡ.

ದೂರದಗುರಿ

ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ಲಾಟಿನಲ್ಲಿ ಒಂದೆರಡು ಕೇಸು ಉಳಿದವಕ್ಕಿಂತ ತುಂಬಾ ದೂರ ನಿಲ್ಲುತ್ತವೆ. ಅಂಥವನ್ನು ಹಿಡಿಯಲು ತೂಕದಷ್ಟು ಬೇಗದ ದಾರಿ ಇಲ್ಲ. ನಾನು ಅವನ್ನು ಬೇರೆ ಇಟ್ಟು ಸ್ಕೋಪ್ ಹೊಂದಿಸಲು ಬಳಸುತ್ತೇನೆ.

ಕ್ಯಾಲಿಪರ್

ಅದಕ್ಕೆ ನನ್ನ ತಕರಾರಿಲ್ಲ. ಎದ್ದು ಕಾಣುವುದನ್ನು ತೆಗೆಯಲು ತೂಕ ಸರಿ.

ವೇಗಮಾಪಕ

ಗುರಿಕಾರ ಅವರ ಮೊದಲ ಪ್ರಶ್ನೆಗೆ ಯಾರೂ ನೇರ ಉತ್ತರ ಕೊಟ್ಟಿಲ್ಲ. ದುಬಾರಿ ಕೇಸು ಗುರಿಯಲ್ಲಿ ಕಾಣುತ್ತದಾ?

ಕೇಸಿನ ಏರುಪೇರು ಮೊದಲು ಕಾಣುವುದು ವೇಗದಲ್ಲಿ. ಒಳಜಾಗ, ನೆಕ್ ಹಿಡಿತ ಬದಲಾದರೆ ಗುಂಡಿನ ವೇಗ ಬದಲಾಗುತ್ತದೆ. ಸೆಕೆಂಡಿಗೆ 2,600 ಅಡಿ ವೇಗದ 175 ಗ್ರೇನ್ ಮ್ಯಾಚ್ ಗುಂಡು ತೆಗೆದುಕೊಳ್ಳಿ. ಎರಡು ಹೊಡೆತದ ನಡುವೆ 20 ಅಡಿ ವೇಗದ ಅಂತರ ಇದ್ದರೆ 300 ಗಜದಲ್ಲಿ ಅದು ಅರ್ಧ ಇಂಚೂ ಆಗುವುದಿಲ್ಲ. 600ರಲ್ಲಿ ಸುಮಾರು ಎರಡು ಇಂಚು. 1000 ಗಜಕ್ಕೆ ಹೋದರೆ ಏಳೆಂಟು ಇಂಚು ಮೇಲೆ ಕೆಳಗೆ.

ಹಾಗಾಗಿ ಇವತ್ತಿನ 300 ಗಜಕ್ಕೆ ಸ್ಟಾರ್‌ಲೈನ್, ಲಾಪುವಾ ನಡುವೆ ಟಾರ್ಗೆಟ್ಟಿನಲ್ಲಿ ವ್ಯತ್ಯಾಸ ಹುಡುಕಬೇಡಿ. ಅಲ್ಲಿ ನಿಮ್ಮ ಉಸಿರು, ಟ್ರಿಗರ್, ಗಾಳಿ ಇವೇ ದೊಡ್ಡವು. 600ಕ್ಕೆ ಹೋದಾಗ ಮೇಲೆ-ಕೆಳಗಿನ ಹರಡುವಿಕೆ ಕಾಣಲು ಶುರುವಾಗುತ್ತದೆ. ಆಗ ಒಂದೇ ಲಾಟಿನ ಒಳ್ಳೆಯ ಕೇಸು ಉಪಕಾರಕ್ಕೆ ಬರುತ್ತದೆ.

ಮಾಧ್ಯಮದೂರ

ನಾನು ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ನೆಕ್ ದಪ್ಪ. .308ರಲ್ಲಿ ನೆಕ್ ಗೋಡೆ ಸುಮಾರು 0.014-0.015 ಇಂಚು ಇರುತ್ತದೆ. ಬಾಲ್ ಮೈಕ್ರೋಮೀಟರ್ ಹಿಡಿದು ಕೇಸನ್ನು ಮೆಲ್ಲಗೆ ತಿರುಗಿಸುತ್ತಾ ನಾಲ್ಕು ಕಡೆ ಅಳೆಯಿರಿ. ಒಳ್ಳೆಯ ಕೇಸಿನಲ್ಲಿ ಅತಿ ದಪ್ಪಕ್ಕೂ ಅತಿ ತೆಳುವಿಗೂ 0.001 ಇಂಚಿನ ಒಳಗೆ ಅಂತರ. ಕಳಪೆಯದರಲ್ಲಿ 0.003 ಕೂಡ ನೋಡಿದ್ದೇನೆ. ಅಂಥ ಕೇಸಿನಲ್ಲಿ ಗುಂಡು ನಡುವಿಗೆ ಕೂರುವುದಿಲ್ಲ, ಒಂದು ಬದಿಗೆ ವಾಲುತ್ತದೆ.

ನೆಕ್ ಟರ್ನಿಂಗ್ (ನೆಕ್ ಹೊರಮೈ ಕೆರೆದು ದಪ್ಪ ಸಮ ಮಾಡುವುದು) ಮಾಡಿದರೆ ಸರಿಹೋಗುತ್ತದೆ ಅಂತ ಜನ ಹೇಳುತ್ತಾರೆ. ಅರ್ಧ ನಿಜ. ಕೇಸು ಎಳೆಯುವಾಗ ಪಂಚ್ ನಡುವಿನಿಂದ ಸರಿದಿದ್ದರೆ ಗೋಡೆ ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳು ಆಗಿರುತ್ತದೆ. ಅದು ನೆಕ್‌ನಲ್ಲಿ ಮಾತ್ರ ಅಲ್ಲ, ಒಡಲಿನ ಉದ್ದಕ್ಕೂ ಇರುತ್ತದೆ. ನೀವು ನೆಕ್ ತಿದ್ದಿದರೂ ಕೆಳಗಿನ ಗೋಡೆ ಹಾಗೇ ಉಳಿಯಿತು. ಹೊಡೆದಾಗ ತೆಳು ಬದಿ ಜಾಸ್ತಿ ಹಿಗ್ಗಿ ಕೇಸು ಸ್ವಲ್ಪ ಬಾಗುತ್ತದೆ. ನೆಕ್ ದಪ್ಪ ನನಗೆ ಅದಕ್ಕೇ ಮುಖ್ಯ. ಅದು ಒಳಗಿನ ಸ್ಥಿತಿಯನ್ನು ಹೊರಗೆ ಹೇಳುವ ಗುರುತು. ದುಬಾರಿ ಕೇಸಿನಲ್ಲಿ ನನಗೆ ಕಂಡ ನಿಜವಾದ ಲಾಭ ಇದೇ.

ಗುರಿಕಾರ308

ತುಂಬಾ ಉಪಯೋಗ ಆಯಿತು. ಬಾಳಿಕೆಯ ಬಗ್ಗೆಯೂ ಹೇಳಿ. ಒಂದು ಕೇಸನ್ನು ಎಷ್ಟು ಸಲ ತುಂಬಬಹುದು?

ಕುಲುಮೆ

ಸಂಖ್ಯೆ ಕೇಳಬೇಡಿ, ಕೇಸು ಹೇಗೆ ಸಾಯುತ್ತದೆ ಅಂತ ಕೇಳಿ. ಮೂರು ದಾರಿ.

ಮೊದಲನೆಯದು ನೆಕ್ ಸೀಳುವುದು. ಪ್ರತಿ ಸಲ ಹೊಡೆದಾಗ ನೆಕ್ ಹಿಗ್ಗುತ್ತದೆ, ಡೈ ಅದನ್ನು ಕುಗ್ಗಿಸುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಗಡುಸಾಗಿ ಮುರಿಯುವ ಹಾಗೆ ಇದೂ. ಅನೀಲಿಂಗ್ (ನೆಕ್ ಕಾಯಿಸಿ ಮತ್ತೆ ಮೆತ್ತಗೆ ಮಾಡುವುದು) ಮಾಡಿದರೆ ಇದು ಮುಂದೆ ಹೋಗುತ್ತದೆ. ಸೀಳಿದರೂ ದೊಡ್ಡ ಅಪಾಯ ಇಲ್ಲ, ಕೇಸು ಎಸೆದರಾಯಿತು.

ಎರಡನೆಯದು ಅಪಾಯದ್ದು. ತಳದಿಂದ ಸುಮಾರು ಒಂದು ಸೆಂಟಿಮೀಟರ್ ಮೇಲೆ ಗೋಡೆ ತೆಳುವಾಗಿ ಕೇಸು ಎರಡು ತುಂಡಾಗುವುದು. ಇದಕ್ಕೆ ಬ್ರಾಂಡಿಗಿಂತ ನಿಮ್ಮ ಡೈ ಹೊಂದಿಸಿದ ರೀತಿ ದೊಡ್ಡ ಕಾರಣ. ಸೈಜಿಂಗ್ (ಹಿಗ್ಗಿದ ಕೇಸನ್ನು ಡೈಯಲ್ಲಿ ಒತ್ತಿ ಅಳತೆಗೆ ತರುವುದು) ಮಾಡುವಾಗ ಶೋಲ್ಡರ್ ಅನ್ನು ಬೇಕಾದ್ದಕ್ಕಿಂತ ಹಿಂದೆ ತಳ್ಳಿದರೆ, ಪ್ರತಿ ಹೊಡೆತಕ್ಕೂ ಕೇಸು ಅಷ್ಟು ಉದ್ದ ಎಳೆದುಕೊಳ್ಳಬೇಕು. ಆ ಹಿತ್ತಾಳೆ ಬರುವುದು ತಳದ ಮೇಲಿನ ಗೋಡೆಯಿಂದ. ಬೋಲ್ಟ್ ರೈಫಲ್‌ಗೆ 0.001-0.002 ಇಂಚು ಹಿಂದೆ ತಳ್ಳಿದರೆ ಸಾಕು. ಇದಕ್ಕೆ ಕಂಪ್ಯಾರೇಟರ್ (ತಳದಿಂದ ಶೋಲ್ಡರ್‌ವರೆಗಿನ ದೂರ ಅಳೆಯುವ ಸಾಧನ) ಬೇಕೇ ಬೇಕು. ಕಣ್ಣಳತೆಗೆ ಸಿಗುವ ಕೆಲಸ ಅಲ್ಲ.

ಪರೀಕ್ಷೆಗೆ ಪೇಪರ್ ಕ್ಲಿಪ್ ಬಿಡಿಸಿ, ತುದಿ ಬಗ್ಗಿಸಿ ಚೂಪು ಮಾಡಿ. ಕೇಸಿನೊಳಗೆ ತಳದವರೆಗೆ ಬಿಟ್ಟು, ತುದಿಯನ್ನು ಗೋಡೆಗೆ ತಾಗಿಸಿ ಮೆಲ್ಲಗೆ ಮೇಲೆ ಎಳೆಯಿರಿ. ನುಣ್ಣಗೆ ಬಂದರೆ ಸರಿ. ಎಲ್ಲಾದರೂ ತುದಿ ತಗ್ಗಿಗೆ ಬಿದ್ದು ಕಚ್ಚಿದ ಹಾಗೆ ಆದರೆ ಅಲ್ಲಿ ಗೋಡೆ ತೆಳುವಾಗಿದೆ. ಹೊರಗೆ ಅದೇ ಜಾಗದಲ್ಲಿ ಹೊಳೆಯುವ ಉಂಗುರವೂ ಕಾಣಬಹುದು. ಅದು ಕಂಡರೆ ಆ ಕೇಸಷ್ಟೇ ಅಲ್ಲ, ಅದರ ಜೊತೆ ಅಷ್ಟೇ ಸಲ ಹೊಡೆದ ಎಲ್ಲವನ್ನೂ ನೋಡಿ.

ಮೂರನೆಯದು ಪ್ರೈಮರ್ ಪಾಕೆಟ್ ಸಡಿಲ ಆಗುವುದು. ಬ್ರಾಂಡುಗಳ ನಡುವಿನ ಅಂತರ ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಇಲ್ಲಿ. ಇದಕ್ಕೆ ಅನೀಲಿಂಗ್ ಔಷಧ ಅಲ್ಲ. ತಳ ಮೆತ್ತಗಿದ್ದರೆ ಮೆತ್ತಗೇ.

ಹಳೇಡೈ

ಪಾಕೆಟ್ ಸಡಿಲ ಆಗಿದ್ದು ಕೈಗೆ ಮೊದಲು ಗೊತ್ತಾಗುತ್ತದೆ. ಅದಕ್ಕೇ ನಾನು ಪ್ರೈಮರ್ ಅನ್ನು ಪ್ರೆಸ್ಸಿನಲ್ಲಿ ಕೂರಿಸುವುದಿಲ್ಲ, ಕೈ ಸಾಧನದಲ್ಲೇ ಕೂರಿಸುತ್ತೇನೆ. ಪ್ರೆಸ್ಸಿನ ಸನ್ನೆ ಉದ್ದ, ಬೆರಳಿಗೆ ಏನೂ ತಿಳಿಯುವುದಿಲ್ಲ. ಕೈ ಸಾಧನದಲ್ಲಿ ಹೊಸ ಕೇಸಿಗೆ ಒತ್ತಿ ಕೂರಿಸಬೇಕು, ಕೊನೆಗೆ ತಳ ಮುಟ್ಟಿದ್ದು ಬೆರಳಿಗೆ ತಿಳಿಯುತ್ತದೆ. ಹೊಡೆದ ಹಾಗೆಲ್ಲ ಆ ಒತ್ತಡ ಕಡಿಮೆ ಆಗುತ್ತಾ ಬರುತ್ತದೆ. ಬೆರಳು ಇಟ್ಟ ಕೂಡಲೇ ಜಾರಿ ಹೋದರೆ ಆ ಕೇಸು ಮುಗಿಯಿತು, ಇಕ್ಕಳದಿಂದ ಬಾಯಿ ಜಜ್ಜಿ ಗುಜರಿ ಡಬ್ಬಿಗೆ ಹಾಕಿ. ಜಜ್ಜದೆ ಹಾಕಿದರೆ ಮತ್ತೆ ಯಾರಾದರೂ ಎತ್ತಿಕೊಂಡಾರು.

ಒಂದು ಕಂಪನಿಯ ಕೇಸು, ಹೆಸರು ಬೇಡ, ಮ್ಯಾನುಯಲ್ ಮಿತಿಯೊಳಗಿನ ಲೋಡಿನಲ್ಲೇ ಮೂರು ನಾಲ್ಕು ಸಲಕ್ಕೆ ಹೀಗೆ ಜಾರಿತು. ಅದೇ ರೈಫಲ್, ಅದೇ ಮದ್ದು ಹಾಕಿ ಲಾಪುವಾದಲ್ಲಿ ಹತ್ತು ದಾಟಿದರೂ ಪಾಕೆಟ್ ಬಿಗಿ ಇತ್ತು. ಕೇಸಿಗೆ ಎರಡರಷ್ಟು ಕೊಟ್ಟರೂ ಒಂದೊಂದು ಹೊಡೆತಕ್ಕೆ ಭಾಗಿಸಿದರೆ ಯಾವುದು ಅಗ್ಗ ಅಂತ ನೀವೇ ನೋಡಿ.

ಹೊಸಬ

ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ಅನೀಲಿಂಗ್ ಮನೆಯಲ್ಲಿ ಟಾರ್ಚ್ ಇಟ್ಟು ಮಾಡಬಹುದಾ ಸರ್? ಕೆಂಪಗಾಗುವವರೆಗೆ ಕಾಯಿಸಿ ನೀರಿಗೆ ಹಾಕಬೇಕು ಅಂತ ಕೇಳಿದೆ.

ಕುಲುಮೆ

ಮಾಡಬಹುದು, ಆದರೆ ನೀವು ಕೇಳಿದ ರೀತಿಯಲ್ಲಿ ಅಲ್ಲ. ಕೆಲವೇ ಸೆಕೆಂಡ್ ಬಿಸಿ ಕೊಡುವಾಗ ನೆಕ್ ಭಾಗ 400 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬರಬೇಕು. ಬೆಳಕಿನಲ್ಲಿ ಕೆಂಪಗೆ ಹೊಳೆದರೆ ಅದು ಅತಿಯಾಯಿತು. ಮಬ್ಬುಗತ್ತಲಲ್ಲಿ ಕೆಂಪು ಇನ್ನೇನು ಮೂಡಬೇಕು ಅನ್ನುವಾಗ ತೆಗೆಯಿರಿ. ತಾಪ ತೋರಿಸುವ ಬಣ್ಣ ಸಿಗುತ್ತದೆ, ಅದನ್ನು ಶೋಲ್ಡರ್ ಕೆಳಗೆ ಹಚ್ಚಿ ನೋಡಿಕೊಳ್ಳಿ. ತಳಕ್ಕೆ ಬಿಸಿ ಇಳಿಯಲೇಬಾರದು.

ನೀರಿಗೆ ಹಾಕುವುದು ಉಕ್ಕಿನ ಅಭ್ಯಾಸ. ಉಕ್ಕು ನೀರಿಗೆ ಬಿದ್ದು ಗಡುಸಾಗುತ್ತದೆ, ಹಿತ್ತಾಳೆ ಆಗುವುದಿಲ್ಲ. ನೀರಿನಿಂದ ಬಿಸಿ ಕೆಳಗೆ ಹರಿಯುವುದು ನಿಲ್ಲುತ್ತದೆ ಅಷ್ಟೇ. ಹಿತ್ತಾಳೆ ಗಡುಸಾಗುವುದು ಒತ್ತಿದರೆ, ಎಳೆದರೆ, ಬಡಿದರೆ ಮಾತ್ರ. ಅದಕ್ಕೇ ತಳ ಒಮ್ಮೆ ಮೆತ್ತಗಾದರೆ ಮನೆಯಲ್ಲಿ ಸರಿಪಡಿಸುವ ದಾರಿ ಇಲ್ಲ. ತಳ ಕಾದಿದೆ ಅನ್ನುವ ಅನುಮಾನ ಬಂದರೂ ಆ ಕೇಸು ಬೇಡ.

ಇನ್ನೊಂದು. ಹೊಳಪು ಬರಲಿ ಅಂತ ಅಮೋನಿಯ ಇರುವ ಪಾಲಿಷ್ ಹಚ್ಚಬೇಡಿ. ಬ್ರಿಟಿಷ್ ಸೈನ್ಯ ಇಂಡಿಯಾದಲ್ಲಿದ್ದಾಗ ಮಳೆಗಾಲದಲ್ಲಿ ದಾಸ್ತಾನಿಟ್ಟ ತೋಟಾಗಳ ಕೇಸು ತಾವಾಗೇ ಬಿರುಕು ಬಿಡುತ್ತಿದ್ದವು. ಕುದುರೆ ಲಾಯದ ಮೂತ್ರದಿಂದ ಏಳುವ ಅಮೋನಿಯ, ಗಾಳಿಯ ತೇವ, ಕೇಸಿನೊಳಗೆ ಉಳಿದ ಬಿಗಿತ ಮೂರೂ ಸೇರಿ ಹೀಗಾಗುತ್ತದೆ ಅನ್ನುವುದು 1921ರಲ್ಲಿ ಸ್ಪಷ್ಟವಾಯಿತು. ಸೀಸನ್ ಕ್ರ್ಯಾಕಿಂಗ್ ಅನ್ನುತ್ತಾರೆ. ಬಿಗಿತ ಇಳಿಸಲು ಕಾಯಿಸುವುದೇ ಅದಕ್ಕೆ ಮದ್ದಾಯಿತು. ಇವತ್ತು ನಾವು ಇಷ್ಟು ಬಾಳುವ ಕೇಸು ನೋಡುತ್ತಿರುವುದು ಆ ಪಾಠ ಕಲಿತದ್ದರಿಂದ.

ಅರೆಸ್ವಯಂ

ಲೇಕ್ ಸಿಟಿ ಬಗ್ಗೆ ಎಲ್ಲರೂ ಎಚ್ಚರಿಕೆ ಮಾತ್ರ ಹೇಳಿದ್ದೀರಿ, ಒಳ್ಳೆಯ ಮಾತೂ ಬರಲಿ. ಗಟ್ಟಿ ಕೇಸು. ಹೆಡ್‌ಸ್ಟ್ಯಾಂಪಿನಲ್ಲಿ ವರ್ಷ ಇರುತ್ತದೆ, ಹಾಗಾಗಿ ವಿಂಗಡಿಸುವುದು ಸುಲಭ. ನಾನು ಸೆಮಿ ಆಟೋಗೆ ಅದನ್ನೇ ಬಳಸುವುದು. ಕೇಸು ಹುಲ್ಲಿನಲ್ಲಿ ಎಲ್ಲೋ ಹೋಗಿ ಬೀಳುವ ಕಡೆ ಲಾಪುವಾ ಹಾಕಲು ಮನಸ್ಸು ಬರುವುದಿಲ್ಲ.

ಮಿಲಿಟರಿಗೆ ಮಾಡಿದ ಕೇಸಿನಲ್ಲಿ ಪ್ರೈಮರ್ ಸುತ್ತ ಕ್ರಿಂಪ್ (ಪ್ರೈಮರ್ ಜಾರದಂತೆ ಒತ್ತಿದ ಅಂಚು) ಇರುತ್ತದೆ. ಅದನ್ನು ಸ್ವೇಜಿಂಗ್ ಮಾಡಿ (ಒತ್ತಿ ಸರಿಸಿ) ಅಥವಾ ಕೆರೆದು ತೆಗೆಯದೆ ಹೊಸ ಪ್ರೈಮರ್ ಒತ್ತಬೇಡಿ. ಮೆಷಿನ್ ಗನ್ನಿನಲ್ಲಿ ಹೊಡೆದ ಕೇಸಾದರೆ ಬೇಡವೇ ಬೇಡ ಅನ್ನುತ್ತೇನೆ. ಅದರ ಚೇಂಬರ್ ಸಡಿಲ, ಕೇಸು ಮೊದಲ ಸಲಕ್ಕೇ ತುಂಬಾ ಎಳೆದುಕೊಂಡಿರುತ್ತದೆ. ಪೇಪರ್ ಕ್ಲಿಪ್ ಪರೀಕ್ಷೆ ಇಂಥದ್ದಕ್ಕೆ ಮೊದಲು ಮಾಡಬೇಕು.

ಮಾಧ್ಯಮದೂರ

ತಳದೊಳಗೆ ಎರಡು ಸಣ್ಣ ತೂತು ಕಂಡರೆ ಅದು ಬರ್ಡನ್ ಪ್ರೈಮರಿನ ಕೇಸು. ನಮ್ಮ ಸಾಮಾನ್ಯ ಡೈಗೆ ಆಗುವುದಿಲ್ಲ, ಪಿನ್ ಮುರಿಯುತ್ತದೆ. ಬಾಕ್ಸರ್‌ಗೆ (ನಾವು ರೀಲೋಡ್ ಮಾಡುವ ಸಾಮಾನ್ಯ ಬಗೆ) ನಡುವೆ ಒಂದೇ ತೂತು. ಹಾಗೇ ಅಯಸ್ಕಾಂತ ಹಿಡಿದು ನೋಡಿ. ಹಿತ್ತಾಳೆ ಬಣ್ಣ ಬಳಿದ ಉಕ್ಕಿನ ಕೇಸೂ ಇರುತ್ತದೆ.

ಗುರಿಕಾರ308

ಎಲ್ಲ ಓದಿದೆ, ಡಬ್ಬಿ ಖಾಲಿ ಮಾಡಿ ವಿಂಗಡಿಸಿದೆ. ವಿಂಚೆಸ್ಟರ್ 157ರ ಸುತ್ತ, ಲೇಕ್ ಸಿಟಿ 180ರ ಸುತ್ತ ತೂಗಿತು, ಕ್ಯಾಲಿಪರ್ ಹೇಳಿದ ಹಾಗೇ. ಈಗ ಎರಡಕ್ಕೂ ಬೇರೆ ಡಬ್ಬಿ, ಬೇರೆ ಲೋಡ್ ಪುಸ್ತಕ.

ಹೊಸ ಕೇಸಿಗೆ ಲಾಪುವಾ ಕಡೆಗೇ ಮನಸ್ಸು ವಾಲುತ್ತಿದೆ. ಆದರೆ ಅದರಲ್ಲೂ ಎರಡು ಬಗೆ ಇದೆಯಲ್ಲ. ಸಾಮಾನ್ಯ ದೊಡ್ಡ ಪ್ರೈಮರಿನದು ಒಂದು, ಪಾಮಾ ಅಂತ ಸಣ್ಣ ಪ್ರೈಮರಿನದು ಇನ್ನೊಂದು. ಯಾವುದು?

ಹಳೇಡೈ

ಸಣ್ಣ ಪ್ರೈಮರ್ ಪಾಕೆಟ್ 4.45 ಮಿಲಿಮೀಟರ್ ಅಗಲ, ದೊಡ್ಡದು 5.33. ಸಣ್ಣದರ ಸುತ್ತ ಹಿತ್ತಾಳೆ ಜಾಸ್ತಿ ಉಳಿಯುತ್ತದೆ, ಹಾಗಾಗಿ ಪಾಕೆಟ್ ಬೇಗ ಸಡಿಲ ಆಗುವುದಿಲ್ಲ. 6.5 ಕ್ರೀಡ್‌ಮೂರ್‌ನಲ್ಲಿ ಲಾಪುವಾ ಸಣ್ಣ ಪಾಕೆಟ್ ತಂದಾಗ ಜನ ಮುಗಿಬಿದ್ದಿದ್ದು ಇದಕ್ಕೇ. ಪೀಟರ್ಸನ್, ಆಲ್ಫಾದಲ್ಲೂ .308ಕ್ಕೆ ಎರಡೂ ಬಗೆ ಬಂದಿವೆ.

ಆದರೆ ನಿಮ್ಮ ಬಳಿ ಈಗ ಇರುವ ಪ್ರೈಮರ್ ದೊಡ್ಡದು. ಹಳೆಯ ಕೇಸಿಗೂ ಅದೇ ಬೇಕು. ಸಣ್ಣ ಪ್ರೈಮರಿನ ಬೆಂಕಿ ಕಡಿಮೆ, ಚಳಿಯಲ್ಲಿ ಬಾಲ್ ಪೌಡರ್ (ದುಂಡು ಕಾಳಿನ ಮದ್ದು) ಹಾಕಿದರೆ ಒಮ್ಮೊಮ್ಮೆ ಸರಿಯಾಗಿ ಹೊತ್ತಿಕೊಳ್ಳುವುದಿಲ್ಲ. ನೀವು ಮಿತಿಯ ತುದಿಯಲ್ಲಿ ಲೋಡ್ ಮಾಡುವವರಲ್ಲ. ದೊಡ್ಡ ಪ್ರೈಮರಿನದೇ ಸಾಕು ಅನ್ನುತ್ತೇನೆ.

ದೂರದಗುರಿ

ನಾನು ಪಾಮಾ ಅನ್ನುತ್ತೇನೆ. 600ಕ್ಕೆ ಹೋಗುವವರು ಕೊನೆಗೆ 1000ಕ್ಕೂ ಹೋಗುತ್ತಾರೆ. ಆದರೆ ಒಂದು ಗಮನ ಇರಲಿ, ಅದರ ಫ್ಲ್ಯಾಶ್ ಹೋಲ್ (ಪ್ರೈಮರಿನ ಬೆಂಕಿ ಒಳಗೆ ಹೋಗುವ ತೂತು) 1.5 ಮಿಲಿಮೀಟರ್, ಸಾಮಾನ್ಯದ್ದು 2. ನಿಮ್ಮ ಡೈಯಲ್ಲಿರುವ ಡೀಕ್ಯಾಪಿಂಗ್ ಪಿನ್ (ಹಳೆಯ ಪ್ರೈಮರ್ ತಳ್ಳುವ ಕಡ್ಡಿ) ತೂರುವುದಿಲ್ಲ. 0.057 ಇಂಚಿನ ತೆಳು ಪಿನ್ ಮೊದಲೇ ತರಿಸಿಟ್ಟುಕೊಳ್ಳಿ. ಬಲವಂತವಾಗಿ ಒತ್ತಿದರೆ ಪಿನ್ ಕೇಸಿಗೆ ಸಿಕ್ಕಿಕೊಂಡೇ ಬರುತ್ತದೆ.

ಗುರಿಕಾರ308

ಸದ್ಯಕ್ಕೆ ಹಳೇಡೈ ಮಾತು ಕೇಳುತ್ತೇನೆ ಅಣ್ಣ, ದೊಡ್ಡ ಪ್ರೈಮರಿನದು. ಒಂದೇ ಲಾಟಿನ 200 ಹೇಳಿದ್ದೇನೆ. ಕೊನೆಯ ಪ್ರಶ್ನೆ. ಹೊಸ ಕೇಸು ಬಂದ ಕೂಡಲೇ ಏನೇನು ಮಾಡಬೇಕು? ಫುಲ್ ಸೈಜಿಂಗ್, ಟ್ರಿಮ್ಮಿಂಗ್, ಫ್ಲ್ಯಾಶ್ ಹೋಲ್ ಕೆಲಸ ಎಲ್ಲ ಬೇಕಾ?

ಕುಲುಮೆ

ಎಲ್ಲ ಬೇಡ. ಸಾಗಾಟದಲ್ಲಿ ಬಾಯಿ ನಜ್ಜಿರುತ್ತದೆ, ಅದನ್ನು ಮ್ಯಾಂಡ್ರೆಲ್ (ಅಳತೆಯ ದುಂಡು ಕಡ್ಡಿ) ತೂರಿಸಿ ದುಂಡಗೆ ಮಾಡಿ. ಬಾಯಿಯ ಅಂಚಿಗೆ ಒಳಗೂ ಹೊರಗೂ ಹಗುರವಾಗಿ ಚಾಂಫರ್ ಕೊಡಿ (ಅಂಚನ್ನು ಓರೆಯಾಗಿ ಕೆರೆಯಿರಿ). ಫ್ಲ್ಯಾಶ್ ಹೋಲ್ ಒಳಗೆ ಚೂರು ನಿಂತಿದೆಯಾ ಅಂತ ದೀಪ ಹಿಡಿದು ನೋಡಿ, ಇದ್ದರೆ ಮಾತ್ರ ತೆಗೆಯಿರಿ. ಉದ್ದ ಅಳೆಯಿರಿ. .308ಕ್ಕೆ ಗರಿಷ್ಠ 2.015 ಇಂಚು, ಟ್ರಿಮ್ ಮಾಡುವ ಅಳತೆ 2.005. ಹೊಸದು ಸಾಮಾನ್ಯವಾಗಿ ಇದರೊಳಗೇ ಇರುತ್ತದೆ.

ತೂಕ, ನೀರಿನ ಅಳತೆ, ಶೋಲ್ಡರ್ ಅಳತೆ ಇದೆಲ್ಲ ಮೊದಲ ಸಲ ಹೊಡೆದ ಮೇಲೆ. ಹೊಸ ಕೇಸು ನಿಮ್ಮ ಚೇಂಬರಿನ ಆಕಾರಕ್ಕೆ ಬಂದಿರುವುದಿಲ್ಲ, ಅದರ ಒಳಜಾಗ ಈಗ ಅಳೆದು ಪ್ರಯೋಜನ ಇಲ್ಲ. ಮೊದಲ ಸುತ್ತಿಗೆ ಮ್ಯಾನುಯಲ್‌ನ ಕೆಳಗಿನ ಅಳತೆಯ ಲೋಡ್ ಸಾಕು. 200ರಲ್ಲಿ 100 ತೆಗೆದು ಆ ನೂರನ್ನೇ ಸುತ್ತು ಸುತ್ತಾಗಿ ಬಳಸಿ, ಎಷ್ಟನೇ ಸಲ ಅಂತ ಡಬ್ಬಿಯ ಮೇಲೆ ಗೆರೆ ಹಾಕುತ್ತಾ ಹೋಗಿ. ಉಳಿದ ನೂರು ಮುಟ್ಟಬೇಡಿ.